ಅತ್ತೆಗೆ ಕಳಿಸಿದ ಕಾರ್ಡು

ಶಿವಮೊಗ್ಗ, 12 ಜುಲೈ 2024, ಶುಕ್ರವಾರ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಆದರೂ ಮಧ್ಯಾಹ್ನ ಕೊಡೆ ಹಿಡಿದು ಅಂಚೆ ಕಚೇರಿಗೆ ಹೋಗಿ ಕಾರ್ಡನ್ನು ಡಬ್ಬಿಗೆ ಹಾಕಿ ಬಂದೆ. ತೀರ್ಥಹಳ್ಳಿಯ ಆಚೆ ಇರುವ ಅತ್ತೆಗೆ. ಒಂದು ಬದಿಯಲ್ಲಿ ಅಪ್ಪನ ಚಿತ್ರ, ಇನ್ನೊಂದು ಬದಿಯಲ್ಲಿ ನನ್ನ ಅಕ್ಷರ.

ಇದು ಎರಡನೆಯ ಸಲ. ಮದುವೆಮನೆಯಲ್ಲಿ ತೆಗೆದಿದ್ದ ಅಪ್ಪನ ಚಿತ್ರವನ್ನು ಕಳೆದ ತಿಂಗಳು ಇಂಕ್‌ಜೆಟ್ ಯಂತ್ರದಲ್ಲಿ ದಪ್ಪ ಕಾಗದದ ಮೇಲೆ ಮುದ್ರಿಸಿ ಕಳಿಸಿದ್ದೆ. ದಾರಿಯಲ್ಲಿ ನೀರು ತಗುಲಿ ಬಣ್ಣ ಇಳಿದುಹೋಗಿತ್ತು. "ಅಂಗಿ ಕಾಣುತ್ತದೆ, ಮುಖ ಕಾಣುವುದಿಲ್ಲ ಮಾರಾಯ್ತಿ. ಇಸ್ತ್ರಿ ಅಂಗಿಯಲ್ಲಿ ಅಣ್ಣನನ್ನು ನಾನು ನೋಡಿದ್ದೇ ಕಡಿಮೆ, ಮನೆಯಲ್ಲಿ ಇದ್ದ ಹಾಗೆ ಇರುವುದನ್ನು ಕಳಿಸು" ಎಂದಿದ್ದರು ಅತ್ತೆ.

ಮನೆಯಲ್ಲಿ ಇದ್ದ ಹಾಗೆ ಎಂದರೆ ಬನಿಯನ್, ತಲೆಗೆ ಸುತ್ತಿದ ಟವೆಲು, ಮುಂದೆ ಮೆಟ್ಟುಗತ್ತಿ, ಪಕ್ಕದಲ್ಲಿ ಹಸಿ ಅಡಿಕೆಯ ರಾಶಿ. ಅಂಥದ್ದೊಂದು ಮೊಬೈಲಿನಲ್ಲಿತ್ತು. ಕಳಿಸಲು ಎರಡು ದಿನ ಹಿಂಜರಿದೆ. 1879ರ ಜುಲೈ 1ರಂದು ಕಾಲಾಣೆಗೆ ಮಾರಾಟಕ್ಕೆ ಬಂದಾಗಿನಿಂದಲೂ ಕಾರ್ಡೆಂದರೆ ಮುಚ್ಚುಮರೆಯಿಲ್ಲದ ಕಾಗದ. ಪೋಸ್ಟ್‌ಮನ್ ನೋಡುತ್ತಾನೆ, ದಾರಿಯ ಅಂಗಡಿಯವರೂ ನೋಡುತ್ತಾರೆ. ಪೇಟೆಗೆ ಹೊರಟರೆ ಕಾಲರಿನ ಗುಂಡಿಯನ್ನೂ ಹಾಕಿಕೊಳ್ಳುತ್ತಿದ್ದವರು ಅಪ್ಪ. ಆದರೆ ಊರಿನವರೆಲ್ಲ ಅವರನ್ನು ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಕಂಡವರೇ. ಅದನ್ನೇ ಆರಿಸಿದೆ.

ಈ ಸಲ ಸ್ಟುಡಿಯೋದಲ್ಲಿ ಹೊಳಪಿಲ್ಲದ ಕಾಗದದ ಮೇಲೆ ಹಾಕಿಸಿದೆ. ಸ್ಟುಡಿಯೋದ ಫೋಟೋಗೆ ಹನಿ ಬಿದ್ದರೂ ಬಣ್ಣ ಹರಿಯುವುದಿಲ್ಲ. ಆದರೆ ಅದರ ಬೆನ್ನಿಗೆ ಪ್ಲಾಸ್ಟಿಕ್ ಲೇಪ ಇರುವುದರಿಂದ ಬಾಲ್‌ಪೆನ್ನು ಜಾರುತ್ತದೆ. ಹಾಗಾಗಿ ಬಿಳಿ ರಟ್ಟಿಗೆ ಅಂಟಿಸಿ, ರಾತ್ರಿಯಿಡೀ ನಿಘಂಟಿನ ಕೆಳಗೆ ಇಟ್ಟೆ. ಮೈದಾ ಅಂಟು ಬೇಡವೆನಿಸಿತು, ಈ ತೇವದಲ್ಲಿ ಬೂಷ್ಟು ಹಿಡಿಯಲು ಎರಡು ದಿನ ಸಾಕು. ವಿಳಾಸವನ್ನು ನೀರಿಗೆ ಅಳಿಯದ ಮಾರ್ಕರ್‌ನಲ್ಲಿ ಬರೆದೆ. ರಟ್ಟು ಸೇರಿ ಭಾರವಾದದ್ದಕ್ಕೆ ಐದು ರೂಪಾಯಿಯ ಸ್ಟಾಂಪನ್ನೇ ಹಚ್ಚಿದೆ.

ಕಷ್ಟವಾದದ್ದು ಕತ್ತರಿಸುವುದು. ಫೋಟೋ ಆರು ಇಂಚು ಉದ್ದ, ನಾಲ್ಕು ಇಂಚು ಅಗಲ. ಅಂಚೆಯ ಕಾರ್ಡು 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ಅದೇ ಅಳತೆಗೆ ತರಬೇಕೆಂದರೆ ಉದ್ದದಲ್ಲೂ ಅಗಲದಲ್ಲೂ ಒಂದೊಂದು ಸೆಂಟಿಮೀಟರಿಗಿಂತ ಹೆಚ್ಚು ಹೋಗುತ್ತದೆ. ಬಲಗಡೆಯ ಅಂಚಿಗೆ ಅಡಿಪಟ್ಟಿ ಇಟ್ಟಾಗ ಇಷ್ಟು ದಿನ ಗಮನಿಸದ ಒಂದು ಕೈ ಕಾಣಿಸಿತು. ಹಸಿರು ಬಳೆ, ಬೆರಳ ತುದಿಯೆಲ್ಲ ಅಡಿಕೆಯ ಕರೆ. ಅಡಿಪಟ್ಟಿಯನ್ನು ಎಡಗಡೆಯ ಅಂಚಿಗೆ ಒಯ್ದು, ಅಲ್ಲಿದ್ದ ಹಂಡೆಯನ್ನು ಕತ್ತರಿಸಿದೆ.

ಸಾವಿನ ಸುದ್ದಿಯ ಕಾರ್ಡನ್ನು ಓದಿದೊಡನೆ ಹರಿದುಹಾಕುತ್ತಿದ್ದ ಮನೆ ಅತ್ತೆಯದು. ತೀರಿಕೊಂಡವರ ಚಿತ್ರ ಕಂಡು ಪೋಸ್ಟ್‌ಮನ್ ಗಾಬರಿಯಾಗಬಾರದೆಂದು, ಶುಭಕಾಗದಕ್ಕೆ ಹಚ್ಚುವಂತೆ ನಾಲ್ಕು ಮೂಲೆಗೂ ಅರಿಸಿನ ಒತ್ತಿದೆ. ಬರೆದದ್ದು ಇಷ್ಟೇ:

"ಅತ್ತೆ, ಬಲಗಡೆ ಅಂಚಿನಲ್ಲಿರುವ ಕೈ ನಿಮ್ಮದು. ಬಳೆಯಿಂದ ಗುರುತು ಹಿಡಿದೆ."