ಬಾಬಾಬುಡನ್ ಬೀಜ ತಂದದ್ದು ಯಾವ ಇಸವಿ?

ನೆದರ್ಲೆಂಡ್ಸ್‌ನ ಲೈಡನ್‌ಗೆ ಬಂದು ಇದು ಎರಡನೇ ಚಳಿಗಾಲ. ಬಿಸಿಲು ನೋಡಿ ವಾರವಾಯಿತು. ಓದುತ್ತಿರುವುದು ನಮ್ಮ ಕಾಫಿಯ ಇತಿಹಾಸ. ಚಿಕ್ಕಮಗಳೂರಿನ ಕೈಮರದ ಹತ್ತಿರ ತೋಟದಲ್ಲಿ ಹುಟ್ಟಿ, ಗಿರಿ ಸಾಲನ್ನು ದಿನಾ ನೋಡಿಕೊಂಡು ಬೆಳೆದವನಿಗೆ ಥೀಸಿಸ್‌ನ ಮೊದಲ ಅಧ್ಯಾಯ ಯಾವ ಲೆಕ್ಕ ಅಂದುಕೊಂಡಿದ್ದೆ.

ಬಾಬಾಬುಡನ್ 1670ರಲ್ಲಿ ಯೆಮನ್‌ನಿಂದ ಏಳು ಬೀಜ ತಂದರು ಅಂತ ಬರೆದೆ. ಕೆಳಗೆ ಐದು ಲಿಂಕ್ ಜೋಡಿಸಿದೆ. ಗೈಡ್ ಇಸವಿಗೆ ಸುತ್ತು ಹಾಕಿ ವಾಪಸ್ ಕೊಟ್ಟರು. ಪಕ್ಕದಲ್ಲಿ ಒಂದೇ ಪ್ರಶ್ನೆ: ಇದನ್ನು ಮೊದಲು ಹೇಳಿದ್ದು ಯಾರು?

ಐದು ಜನ ಹೇಳಿದ್ದಾರಲ್ಲ, ಸಾಲದಾ ಅಂತ ಸಿಟ್ಟೇ ಬಂತು. ಲೈಬ್ರರಿಯಲ್ಲಿದ್ದ ಒಬ್ಬ ಅಜ್ಜಿ ದಾರಿ ತೋರಿಸಿದರು. ಆ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಮಾಡು ಅಂದರು. ಮಾಡಿದೆ. ಕಾಫಿಪುಡಿ ಮಾರುವವರು, ಟೂರ್ ಕಂಪನಿ, ಹೋಮ್‌ಸ್ಟೇ, ಎಲ್ಲರದ್ದೂ ಅದೇ ವಾಕ್ಯ, ಅದೇ ಅಲ್ಪವಿರಾಮ, ಒಂದು ಕಡೆ ತಪ್ಪಿದ ಸ್ಪೆಲ್ಲಿಂಗ್ ಕೂಡ ಹಾಗೇ ಇನ್ನೊಂದು ಕಡೆ. ನನ್ನ ಐದು ಸಾಕ್ಷಿ ಅಂದರೆ ಒಬ್ಬನೇ ಐದು ಅಂಗಿ ಬದಲಾಯಿಸಿಕೊಂಡು ಬಂದ ಹಾಗೆ. ಬೇರೆ ಪುಟಗಳಲ್ಲಿ 1600 ಅಂತಲೂ ಇದೆ!

ಆಮೇಲೆ ಹಿಂದಕ್ಕೆ ಹಿಂದಕ್ಕೆ ಹೋದೆ. ವಿಕಿಪೀಡಿಯ ಓದಬಾರದು ಅಂತ ಯಾರೂ ಹೇಳಲಿಲ್ಲ, ಕೆಳಗಿನ ಟಿಪ್ಪಣಿ ಹಿಡಿದುಕೊಂಡು ಹೊರಗೆ ಹೋಗು ಅಂದರು ಆ ಅಜ್ಜಿ, ಅಷ್ಟೇ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪರಿಷ್ಕರಿಸಿದ ಮುದ್ರಣ 1897ರದ್ದು. ಅಂದರೆ 1670 ಅಂತಲೇ ಇಟ್ಟುಕೊಂಡರೂ ಇನ್ನೂರು ವರ್ಷದ ನಂತರದ ಮಾತು. ಹಳೆಯದು ಅಂದ ಮಾತ್ರಕ್ಕೆ ಕಣ್ಣಾರೆ ಕಂಡದ್ದಲ್ಲ ಅಲ್ವಾ. ಡಚ್ಚರು ಮಲಬಾರಿನಿಂದ ಜಾವಾಕ್ಕೆ ಕಾಫಿ ಸಸಿ ಕಳಿಸಿದ್ದು 1696ರಲ್ಲಿ ಅನ್ನುತ್ತಾರೆ. ಅವರ ಈಸ್ಟ್ ಇಂಡಿಯಾ ಕಂಪನಿಯ ಕಡತಗಳು ಇಲ್ಲೇ ಹೇಗ್‌ನಲ್ಲಿವೆ, ರೈಲಿನಲ್ಲಿ ಕಾಲು ಗಂಟೆ. ಹಳೇ ಡಚ್ ಓದಲು ಬಂದರೆ ನಾನೇ ನೋಡಬಹುದು. ಸದ್ಯಕ್ಕೆ ಬರುವುದಿಲ್ಲ.

ಹಾಸನದಲ್ಲಿ ಪಿಎಚ್‌ಡಿ ಮಾಡುವ ಚಿಕ್ಕಪ್ಪನ ಮಗಳು ಮೊನ್ನೆ ಫೋನ್ ಮಾಡಿದ್ದಳು. "ಅಣ್ಣ, ಮೂರೇ ದಿನದಲ್ಲಿ ಪೇಪರ್ ಹಾಕ್ತೀವಿ, ದುಡ್ಡು ಕಟ್ಟಿ ಅಂತ ಒಂದು ಜರ್ನಲ್‌ನಿಂದ ಮೇಲ್ ಬಂದಿದೆ, ಹೆಸರು ಇಂಟರ್‌ನ್ಯಾಷನಲ್ ಅಂತ ಶುರುವಾಗುತ್ತೆ." ಮೂರು ದಿನದಲ್ಲಿ ಯಾವ ತಜ್ಞರು ಕೂತು ಓದುತ್ತಾರೆ? ಫೀಸು ಕೇಳಿದ್ದಕ್ಕೇ ಮೋಸ ಅನ್ನಬೇಡ, ಒಳ್ಳೆಯ ಜರ್ನಲ್‌ಗಳೂ ಕೇಳುತ್ತವೆ, ಸಂಪಾದಕರು ಯಾರು, ಅವರ ಕಾಲೇಜಿನ ಪುಟದಲ್ಲಿ ಈ ಜರ್ನಲ್ ಹೆಸರಿದೆಯಾ ಅಂತ ಬೇರೆ ಟ್ಯಾಬ್ ತೆರೆದು ನೋಡು ಅಂದೆ. ಅವರ ಸೈಟಿನಲ್ಲೇ ಕೂತು ಅವರನ್ನು ಅಳೆದರೆ ಏನು ಗೊತ್ತಾಗುತ್ತದೆ? ಡಿಒಐ ಇದೆಯಲ್ಲ ಅಂದಳು. ಅದು ಲೇಖನದ ಆಧಾರ್ ನಂಬರ್, ಆಧಾರ್ ಕಳ್ಳನಿಗೂ ಇರುತ್ತದೆ. ಗೂಗಲ್ ಸ್ಕಾಲರ್ ಕೂಡ ಜರಡಿ ಹಿಡಿದು ಕೊಡುವುದಿಲ್ಲ, ಇಂಥ ಜರ್ನಲ್‌ನವೂ ಅದರಲ್ಲಿ ಬರುತ್ತವೆ. ಆದರೂ ಡಿಒಐ ಒಂದಕ್ಕೆ ಉಪಯೋಗ. ಎಐ ಕೊಟ್ಟ ಒಂದು ಪೇಪರಿಗೆ ಲೇಖಕ, ಸಂಪುಟ, ಪುಟ ಎಲ್ಲ ಇತ್ತು, ನಂಬರ್ ಹಾಕಿ ಹುಡುಕಿದರೆ ಅಂಥ ಪೇಪರೇ ಹುಟ್ಟಿಲ್ಲ. ನಮ್ಮ ಶೋಧಗಂಗಾ ಮೊದಲು ನೋಡು ಅಂದೆ. ದೇಶದ ಪಿಎಚ್‌ಡಿ ಪ್ರಬಂಧಗಳು ಪೂರ್ತಿ ಓದಲು ಸಿಗುತ್ತವೆ. ಅದರಲ್ಲೂ ಕಾಳು ಜೊಳ್ಳು ಎರಡೂ ಇದೆ ಅನ್ನಿ.

ಕೊನೆಗೆ ಥೀಸಿಸ್‌ನಲ್ಲಿ "ಹದಿನೇಳನೇ ಶತಮಾನದಲ್ಲಿ ತಂದರು ಎಂಬ ನಂಬಿಕೆ ಇದೆ" ಅಂತ ಬರೆದೆ. ಅಪ್ಪನಿಗೆ ಹೇಳಿದರೆ ಅವರಿಗೆ ಬೇರೆ ಚಿಂತೆ. "ಮಾರಾಯ, ನಮ್ಮ ಹೋಮ್‌ಸ್ಟೇ ಬೋರ್ಡಲ್ಲಿ 1670 ಅಂತ ದೊಡ್ಡದಾಗಿ ಪೇಂಟ್ ಆಗಿದೆಯಲ್ಲ!"

ಆ ಬೋರ್ಡ್ ಬರೆಸಿದ್ದು ನಾನೇ. ಪಿಯುಸಿಯಲ್ಲಿದ್ದಾಗ, ಗೂಗಲ್ ನೋಡಿಕೊಂಡು.