ಮಿಕ್ಸಿಯ ಹೆಸರು ಉಳಿಯುತ್ತದೆ, ಒಡೆಯರು ಬದಲಾಗುತ್ತಾರೆ

ನಮ್ಮ ಮಂಗಳೂರಿನ ಅಡುಗೆಮನೆಗಳಲ್ಲಿ ಮಿಕ್ಸಿಯಷ್ಟು ದುಡಿಯುವ ಯಂತ್ರ ಬೇರೊಂದಿಲ್ಲ. ತೆಂಗಿನತುರಿ, ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ ಸೇರಿದ ಗಸಿಯ ಮಸಾಲೆ ದಿನವೂ ನುಣ್ಣಗಾಗಬೇಕು. ಹೀಗಿರುವಾಗ ಮಿಕ್ಸಿಯ ಕಂಪೆನಿ ಕೈಬದಲಾಯಿಸುವುದು ಷೇರುಪೇಟೆಯ ಸುದ್ದಿ ಮಾತ್ರವಲ್ಲ, ನಮ್ಮ ಮನೆಯ ಸುದ್ದಿಯೂ ಹೌದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಚೆನ್ನೈಯ ಮಾಯಾ ಅಪ್ಲಯನ್ಸಸ್ ಬೆಳೆಸಿದ 'ಪ್ರೀತಿ' ಎಂಬ ಮಿಕ್ಸಿ ಬ್ರ್ಯಾಂಡನ್ನು 2011ರಲ್ಲಿ ಫಿಲಿಪ್ಸ್ ಕೊಂಡಿತು. ಜಗತ್ತಿನಾದ್ಯಂತ ಹೆಸರಾದ ಆ ಕಂಪೆನಿ ತನ್ನ ಹೆಸರನ್ನು ಅಂಟಿಸದೆ, ದಕ್ಷಿಣದ ಮನೆಗಳು ನಂಬಿದ್ದ ಹೆಸರನ್ನೇ ಉಳಿಸಿಕೊಂಡದ್ದು ವಿವೇಕದ ತೀರ್ಮಾನ. 2021ರಲ್ಲಿ ಫಿಲಿಪ್ಸ್ ತನ್ನ ಗೃಹೋಪಕರಣಗಳ ವ್ಯವಹಾರವನ್ನೇ ಹಿಲ್‌ಹೌಸ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು. 2023ರಲ್ಲಿ ಹೀಗೆ ಮಾರಾಟವಾದ ಗೃಹೋಪಕರಣ ಕಂಪೆನಿಗೆ ವರ್ಸುನಿ ಎಂಬ ಹೊಸ ಹೆಸರು ಬಂತು. ಇತ್ತ ಮಾಯಾ ಅಪ್ಲಯನ್ಸಸ್ 'ವಿಡಿಯೆಮ್' ಎಂಬ ಹೆಸರಿನಲ್ಲಿ ಮತ್ತೆ ಮಿಕ್ಸಿ ಮಾರುಕಟ್ಟೆಗೆ ಬಂದಿತು. ಮಾರಾಟವಾದದ್ದು ಹೆಸರು; ಕಸುಬಿನ ಅನುಭವ ಮಾರಿದವರ ಬಳಿಯೂ ಉಳಿದಿತ್ತು.

ಮುಖ್ಯಸ್ಥನೊಬ್ಬ ಬ್ರ್ಯಾಂಡನ್ನು ಹೇಗೆ ಕೆಡಿಸಬಲ್ಲ ಎಂಬುದಕ್ಕೆ ಅಮೆರಿಕದ ಗೃಹೋಪಕರಣ ಕಂಪೆನಿ ಸನ್‌ಬೀಮ್ ಸಾಕ್ಷಿ. 1996ರಲ್ಲಿ ಅದರ ಚುಕ್ಕಾಣಿ ಹಿಡಿದ ಆಲ್ ಡನ್‌ಲಾಪ್ ಸುಮಾರು 12,000 ನೌಕರರಲ್ಲಿ ಅರ್ಧದಷ್ಟು ಜನರನ್ನು ತೆಗೆಯುವ ಯೋಜನೆ ಪ್ರಕಟಿಸಿದರು. ಅಂಗಡಿಯವರಿಗೆ ಬೇಕಾಗುವ ಮೊದಲೇ ಸರಕು ಮಾರಿದಂತೆ ಬರೆದುಕೊಂಡು ಲಾಭದ ಲೆಕ್ಕ ಹಿಗ್ಗಿಸಲಾಯಿತು. ಇದರ ನಡುವೆಯೇ ಕೋಲ್ಮನ್ ಮೊದಲಾದ ಕಂಪೆನಿಗಳನ್ನೂ ಕೊಳ್ಳಲಾಯಿತು. 1998ರಲ್ಲಿ ನಿರ್ದೇಶಕ ಮಂಡಳಿ ಅವರನ್ನು ವಜಾ ಮಾಡಿತು, 2001ರಲ್ಲಿ ಕಂಪೆನಿ ದಿವಾಳಿ ಅರ್ಜಿ ಹಾಕಿತು. ವರ್ಷಾನುಗಟ್ಟಲೆ ದುಡಿದ ಕೈಗಳನ್ನು ಕಳಿಸಿ ಉಳಿಸಿದ ಹಣವನ್ನು ಲಾಭವೆನ್ನುವುದು ನನಗೆ ಒಪ್ಪಿಗೆಯಿಲ್ಲ.

2022ರಲ್ಲಿ ಕ್ರಾಂಪ್ಟನ್ ಕಂಪೆನಿ ಮಿಕ್ಸಿ ತಯಾರಿಸುವ ಬಟರ್‌ಫ್ಲೈಯ ಬಹುಪಾಲು ಷೇರುಗಳನ್ನು ಕೊಂಡಿತು. ಎರಡನ್ನೂ ಪೂರ್ತಿ ವಿಲೀನಗೊಳಿಸುವ ಪ್ರಸ್ತಾಪವನ್ನು ಮರುವರ್ಷ ಬಟರ್‌ಫ್ಲೈಯ ಸಾರ್ವಜನಿಕ ಷೇರುದಾರರು ತಿರಸ್ಕರಿಸಿದರು. ಕೊಂಡ ಮಾತ್ರಕ್ಕೆ ಎಲ್ಲವೂ ಒಡೆಯನ ಇಚ್ಛೆಯಂತೆ ನಡೆಯುವುದಿಲ್ಲವೆಂದು ಕಂಡು ಸಮಾಧಾನವಾಯಿತು.

ಕಡಲಿನ ಉಪ್ಪುಗಾಳಿಗೆ ತಿರುಪು ಬೇಗ ತುಕ್ಕು ಹಿಡಿಯುವ ನಮ್ಮೂರಿನಲ್ಲಿ ಇಂಥ ವ್ಯವಹಾರಗಳ ಪರಿಣಾಮ ತಿಳಿಯುವುದು ರಿಪೇರಿ ಅಂಗಡಿಯಲ್ಲಿ. ಹಂಪನಕಟ್ಟೆಯಲ್ಲಿ ಮಿಕ್ಸಿ ಕೊಳ್ಳುವವರು ಮೋಟಾರು ಎಷ್ಟು ವ್ಯಾಟ್ ಶಕ್ತಿಯದೆಂದು ವಿಚಾರಿಸುವುದರ ಜೊತೆಗೆ, ಹಳೆಯ ಮಾದರಿಯ ಜಾರು, ಕಪ್ಲರು, ಬ್ಲೇಡುಗಳನ್ನು ಈಗಿನ ಒಡೆಯರು ಇನ್ನೂ ಪೂರೈಸುತ್ತಿದ್ದಾರೆಯೇ ಎಂದೂ ಕೇಳಬೇಕು.