ಆಟ ಕೆಡಿಸುವ ಆ ಒಬ್ಬನನ್ನು ಏನು ಮಾಡೋದು?

ಈ ಪ್ರಶ್ನೆ ನನ್ನನ್ನು ಬಿಡುವುದೇ ಇಲ್ಲ. ಕೆಲವರು ಫೋನ್ ಮಾಡಿ ಕೇಳುತ್ತಾರೆ, ಕೆಲವರು ಇಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುತ್ತಾ ಕೇಳುತ್ತಾರೆ. ‘ಗುಂಪು ಚಲೋ ಅದ ಅಣ್ಣಾ. ಒಬ್ಬನೇ ಒಬ್ಬ ಎಲ್ಲಾ ಕೆಡಿಸ್ಲತ್ತಾನ. ಅವನ ಕ್ಯಾರೆಕ್ಟರ್‌ನ ಸಾಯಿಸಿಬಿಡ್ಲೇನು?’

ಸಾಯಿಸಬೇಡಿ. ನಾನು ಸಾಯಿಸಿ ನೋಡಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಮೇಜಿನ ಸುತ್ತ ಐದಾರು ಜನ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಅವನಿಗೆ ಡಿಎಂ, ಅಂದರೆ ಡಂಜನ್ ಮಾಸ್ಟರ್ ಅಂತೀವಿ. ಉಳಿದವರಿಗೆ ಒಂದೊಂದು ಪಾತ್ರ. ಒಬ್ಬ ಕಳ್ಳ, ಒಬ್ಬ ಮಾಂತ್ರಿಕ, ಹೀಗೆ. ಬೀಗ ತೆಗೆಯಬೇಕೇ, ಗೋಡೆ ಹಾರಬೇಕೇ, ಇಪ್ಪತ್ತು ಮುಖದ ದಾಳ ಉರುಳಿಸಬೇಕು. ನಮ್ಮವ್ವ ಮನೆಗೆ ಬಂದವರಿಗೆ ಈಗಲೂ ‘ಮ್ಯಾಲ ಪಗಡಿ ಆಡ್ಲತ್ತಾರ’ ಎಂದೇ ಹೇಳುತ್ತಾಳೆ. ಆದರೆ ಪಗಡೆಯಲ್ಲೋ ಕೇರಂನಲ್ಲೋ ಒಬ್ಬ ಕಿರಿಕ್ ಮಾಡಿದರೆ ಆ ಆಟ ಮುಗಿದಾಗ ಜಗಳವೂ ಮುಗಿಯುತ್ತದೆ. ಇಲ್ಲಿ ಒಂದೇ ಕಥೆ ಆರು ತಿಂಗಳು ನಡೆಯುತ್ತದೆ. ಕಿರಿಕ್ಕೂ ಆರು ತಿಂಗಳು.

ನಮ್ಮ ಕಥೆ ಬೀದರ್‌ನ ಕರೇಜ್‌ನಲ್ಲಿ ನಡೆಯುತ್ತಿತ್ತು. ಬಹಮನಿ ಕಾಲದ ನೆಲದಡಿಯ ನೀರಿನ ಸುರಂಗ ಅದು. ಪರ್ಷಿಯಾದಿಂದ ಬಂದ ತಂತ್ರ. ನೆಲದ ಇಳಿಜಾರನ್ನೇ ನಂಬಿ ನೀರು ಹರಿಯುತ್ತದೆ. ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿಗಳು, ಗಾಳಿ ಬೆಳಕಿಗೆ, ಇಳಿದು ಹೂಳು ತೆಗೆಯಲಿಕ್ಕೆ. ನೌಬಾದ್ ಹತ್ತಿರ ಅದನ್ನು ನೋಡಿದ ದಿನವೇ ನನಗೆ ಅನಿಸಿತ್ತು, ಈ ಆಟಕ್ಕೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ? ಕಥೆಯಲ್ಲಿ ದಾರಿ ತೋರಿಸಲು ಒಬ್ಬ ಮುದುಕ ಇದ್ದ. ಸುರಂಗ ಅಗೆಯುವ ಮನೆತನದವನು, ಕೈಯಲ್ಲಿ ಕಂದೀಲು. ಫಾರ್ಮಸಿ ಓದುವ ಹುಡುಗಿಯೊಬ್ಬಳು ಮೂರು ಭಾನುವಾರ ಅವನ ಜೊತೆ ಮಾತಾಡಿ ಅವನ ಸತ್ತ ಮಗನ ಕಥೆ ಹೊರಗೆ ತೆಗೆದಿದ್ದಳು. ನಾನು ಮೊದಲೇ ಯೋಚಿಸಿದ್ದ ಕಥೆಯೇ ಅಲ್ಲ. ಅವಳು ಕೇಳುತ್ತಾ ಹೋದಳು, ನಾನು ಕಟ್ಟುತ್ತಾ ಹೋದೆ.

ನಾಲ್ಕನೇ ಭಾನುವಾರ ನಮ್ಮ ಕಳ್ಳ ಆ ಮುದುಕನನ್ನು ಕೊಂದ. ಯಾಕೆ? ಕಂದೀಲು ಬೇಕಿತ್ತು.

‘ನನ್ನ ಕ್ಯಾರೆಕ್ಟರ್ ಹಂಗೇ ಅದ. ನಾ ಏನ್ ಮಾಡ್ಲಿ?’

ಈ ಮಾತನ್ನು ಪ್ರಪಂಚದ ಎಲ್ಲ ಡಿಎಂಗಳೂ ಕೇಳಿರುತ್ತಾರೆ. ಆ ಕ್ಯಾರೆಕ್ಟರ್ ಆಕಾಶದಿಂದ ಬಿದ್ದದ್ದೇನೂ ಅಲ್ಲ, ನೀನೇ ಬರೆದದ್ದು ಮಾರಾಯ ಅಂತ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮುಂದಿನ ವಾರ ಸುರಂಗದ ಚಾವಣಿ ಕುಸಿಯಿತು ಎಂದು ದಾಳ ಉರುಳಿಸಿ ಕಳ್ಳನನ್ನು ಮಣ್ಣು ಮಾಡಿದೆ. ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅವನು ಅದರ ಮುಂದಿನ ವಾರ ಹೊಸ ಪಾತ್ರದ ಜೊತೆ ಬಂದ. ಸತ್ತ ಕಳ್ಳನ ತಮ್ಮ. ಅವನೂ ಕಳ್ಳ. ಈಗ ಅವನಿಗೆ ಅಣ್ಣನ ಸೇಡು ತೀರಿಸಲು ಕಾರಣವೂ ಸಿಕ್ಕಿತ್ತು.

ಆಟದೊಳಗೆ ಶಿಕ್ಷೆ ಕೊಟ್ಟರೆ ಆಗುವುದೇ ಇಷ್ಟು. ತಪ್ಪು ಮಾಡಿದ್ದು ಕುರ್ಚಿಯಲ್ಲಿ ಕೂತವನು, ಪೆಟ್ಟು ತಿಂದದ್ದು ಹಾಳೆಯ ಮೇಲಿದ್ದವನು. ಕುರ್ಚಿಯಲ್ಲಿ ಕೂತವನಿಗೆ ಇದೂ ಒಂದು ಪಂದ್ಯ, ಇನ್ನೊಮ್ಮೆ ನೋಡಿಕೊಳ್ಳೋಣ ಅಂತ ಅನಿಸುತ್ತದೆ. ಅಷ್ಟರಲ್ಲಿ ಇಬ್ಬರು ಬರುವುದನ್ನು ಬಿಟ್ಟರು. ಒಬ್ಬ ಡ್ಯೂಟಿ ಬದಲಾಗಿದೆ ಎಂದ. ಫಾರ್ಮಸಿ ಹುಡುಗಿ ಪರೀಕ್ಷೆ ಎಂದಳು. ನಾನು ನಂಬಿದೆ. ನಮ್ಮ ಕಡೆ ಜನ ಬೇಜಾರಾದರೆ ಜಗಳ ಆಡುವುದಿಲ್ಲ, ಸುಮ್ನೆ ಬರುವುದು ನಿಲ್ಲಿಸುತ್ತಾರೆ. ಗಲಾಟೆ ಮಾಡುವವನು ಕಣ್ಣಿಗೆ ಬೀಳುತ್ತಾನೆ. ಎದ್ದು ಹೋದವರು ಲೆಕ್ಕಕ್ಕೆ ಸಿಗುವುದು ಬಹಳ ತಡವಾಗಿ.

ಕೊನೆಗೆ ಕಳ್ಳನನ್ನು ಅಪ್ಪನ ಕೆರೆ ಕಡೆ ಕರೆದುಕೊಂಡು ಹೋದೆ. ಮೇ ತಿಂಗಳು, ಸಂಜೆ ಏಳಾದರೂ ನೆಲದ ಕಾವು ಆರಿರಲಿಲ್ಲ. ಒಬ್ಬನನ್ನೇ ಕರೆದದ್ದು ಬೇಕೆಂದೇ. ಎಲ್ಲರ ಮುಂದೆ ಹೇಳಿದರೆ ಅವನು ಮರ್ಯಾದೆ ಉಳಿಸಿಕೊಳ್ಳಲು ವಾದ ಮಾಡುತ್ತಾನೆ. ‘ಎಲ್ಲಾರೂ ಹೇಳ್ಲತ್ತಾರ’ ಅಂತಲೂ ಶುರು ಮಾಡಬೇಡಿ. ಆಮೇಲೆ ಅವನ ತಲೆಯಲ್ಲಿ ‘ಯಾರ್ಯಾರು?’ ಎಂಬುದೊಂದೇ ಓಡುತ್ತಿರುತ್ತದೆ. ನಾನು ಒಂದೇ ಘಟನೆ ಹಿಡಿದೆ. ‘ಆ ಮುದುಕನ್ನ ನೀ ಕೊಂದಾಗ ಆಕೀದು ಮೂರು ವಾರದ ಆಟ ಹೋಯ್ತು. ನನಗೂ ಬ್ಯಾಸರ ಆಯ್ತು.’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ್ದು ನಾನು ಎಣಿಸದ ಮಾತು. ‘ನಾಲ್ಕ್ ತಾಸಿನಾಗ ನೀ ನನಗ ಮಾತಾಡ್ಸೋದೇ ಎರಡು ಸಲ. ಬೀಗ ತಗೀ ಅಂತಿ, ಸುಮ್ ಕೂಡು ಅಂತಿ. ಏನರ ಮಾಡಿದ್ರಷ್ಟೇ ನನ್ನ ಕಡೆ ನೋಡ್ತಿ.’

ಪೂರ್ತಿ ನಿಜವಲ್ಲ. ಪೂರ್ತಿ ಸುಳ್ಳೂ ಅಲ್ಲ. ಅವನಿಗೆ ಕೆಲಸ ಕೊಟ್ಟೆ, ಸುರಂಗದ ನಕ್ಷೆ ಬರೆಯುವವನು ಅವನೇ ಆದ. ಕಳವು ನಿಂತಿಲ್ಲ. ಆದರೆ ಈಗ ಜೊತೆಗಾರರ ಜೇಬಿಗೆ ಕೈ ಹಾಕುವುದಿಲ್ಲ.

ಉಳಿದ ತಲೆನೋವುಗಳು ಸಣ್ಣವು. ನಿಯಮದ ವಕೀಲ ಇರುತ್ತಾನಲ್ವಾ, ಪ್ರತಿ ಮಾತಿಗೂ ಪುಟ ತೆಗೆಯುವವನು? ಮೂಲ ನಿಯಮಗಳು ಉಚಿತವಾಗಿ ಸಿಗುತ್ತವೆ, ಎಲ್ಲರ ಮೊಬೈಲಲ್ಲೂ ಇವೆ, ವಕೀಲರೂ ಜಾಸ್ತಿ ಆಗಿದ್ದಾರೆ. ಈಗ ನಾನು ಹೇಳಿದ್ದು ನಡೆಯಲಿ, ಆಟ ಮುಗಿದ ಮೇಲೆ ಹುಡುಕೋಣ ಎಂದರೆ ಸಾಕು. ಅವನು ಸರಿಯಿದ್ದರೆ ಮುಂದಿನ ವಾರ ಒಪ್ಪಿಕೊಳ್ಳಿ. ಫೋನ್ ನೋಡುತ್ತಾ ಕೂರುವವರ ಮೇಲೆ ನನಗೆ ಸಿಟ್ಟಿಲ್ಲ. ಹೊಡೆದಾಟದ ಒಂದು ಸುತ್ತು ಕಥೆಯಲ್ಲಿ ಬರೀ 6 ಸೆಕೆಂಡು. ಮೇಜಿನ ಮೇಲೆ ಅದೇ ಅರ್ಧ ಗಂಟೆ ಎಳೆದರೆ ಯಾರು ತಾನೇ ಫೋನ್ ನೋಡುವುದಿಲ್ಲ? ತಡವಾಗಿ ಬರುವವರಿಗಾಗಿ ಕಾಯಬೇಡಿ, ಮಿರ್ಚಿ ಭಜಿ ಆರುತ್ತದೆ.

ಎಲ್ಲರ ಪರವಾಗಿ ತಾನೇ ತೀರ್ಮಾನ ಮಾಡುವವರ ಕಥೆ ಬೇರೆ. ನಮ್ಮಲ್ಲಿ ಒಬ್ಬರು ಲೆಕ್ಚರರ್ ಇದ್ದಾರೆ, ಐವತ್ತು ದಾಟಿದವರು, ತುಂಬಾ ಒಳ್ಳೆಯವರು. ಎಲ್ಲರೂ ಅವರಿಗೆ ಸರ್ ಅಂತೀವಿ. ಸರ್ ‘ಎಡಕ್ಕ ಹೋಗೋಣ’ ಎಂದರೆ ಹುಡುಗರೆಲ್ಲ ಎಡಕ್ಕೇ. ಅವರದ್ದೇನೂ ತಪ್ಪಿಲ್ಲ, ‘ಸರ್’ ಎಂಬ ಪದದ್ದೇ ತಪ್ಪು. ಹಾಗಾಗಿ ಒಂದು ಪದ್ಧತಿ ಮಾಡಿದೆವು. ಆಟ ಶುರುವಾದ ಮೇಲೆ ಪಾತ್ರದ ಹೆಸರಿನಿಂದಲೇ ಕರೆಯಬೇಕು. ಸರ್ ಅವರ ಪಾತ್ರ ಗುಂಡಪ್ಪ ಎಂಬ ಕುಳ್ಳ ಪೈಲ್ವಾನ. ಡಿಗ್ರಿ ಓದುವ ಹುಡುಗನೊಬ್ಬ ಮೊದಲ ಸಲ ‘ಲೇ ಗುಂಡ್ಯಾ, ನಿಂದ್ರಲೇ!’ ಎಂದಾಗ ಕೋಣೆ ತಣ್ಣಗಾಯಿತು. ಸರ್ ಬಿದ್ದು ಬಿದ್ದು ನಕ್ಕರು. ಆ ದಿನ ನಾವು ಬಲಕ್ಕೆ ಹೋದೆವು.

ಮಾತಾಡಿ ಸರಿ ಮಾಡುವ ಗೋಜಿಗೆ ಹೋಗಬಾರದ ಸಂಗತಿಯೂ ಒಂದಿದೆ. ಒಬ್ಬ ತನ್ನ ಪಾತ್ರದ ಬಾಯಲ್ಲಿ ಒಬ್ಬ ಹುಡುಗಿಯ ಪಾತ್ರಕ್ಕೆ ಪದೇ ಪದೇ ಪೋಲಿ ಮಾತು ಆಡಿಸುತ್ತಿದ್ದ. ‘ಆಟದಾಗ ಅಷ್ಟೇ’ ಅಂತ ನಗು ಬೇರೆ. ಕೇಳಿಸಿಕೊಳ್ಳುವ ಕಿವಿ ಆಟದ್ದಲ್ಲವಲ್ಲ. ಇಂಥದ್ದಕ್ಕೆ ಜಾನ್ ಸ್ಟಾವ್ರೊಪೊಲೊಸ್ ಎಂಬುವರು ಎಕ್ಸ್ ಕಾರ್ಡ್ ಎಂಬ ಉಪಾಯ ಮಾಡಿದ್ದಾರೆ. ಎಕ್ಸ್ ಬರೆದ ಒಂದು ಚೀಟಿ ಮೇಜಿನ ನಡುವೆ ಇರುತ್ತದೆ. ಯಾರೇ ಮುಟ್ಟಿದರೂ ಆ ದೃಶ್ಯ ಅಲ್ಲಿಗೇ ಬಿಟ್ಟು ಮುಂದೆ ಹೋಗಬೇಕು, ಯಾಕೆ ಅಂತ ಕೇಳುವ ಹಾಗಿಲ್ಲ. ನಮ್ಮಲ್ಲಿ ಇಟ್ಟಾಗ ಒಂದು ತಿಂಗಳು ಯಾರೂ ಮುಟ್ಟಲಿಲ್ಲ. ಎಲ್ಲರೆದುರು ಕೈ ಚಾಚಲು ಸಂಕೋಚ. ಆಮೇಲೆ ನಾನೇ ಮೊದಲು ಮುಟ್ಟಿದೆ, ಹಾವು ಮೈಮೇಲೆ ಹರಿಯುವ ಒಂದು ವರ್ಣನೆಗೆ. ನನಗೆ ಹಾವೆಂದರೆ ಆಗುವುದಿಲ್ಲ. ಅಲ್ಲಿಂದ ಉಳಿದವರ ಕೈಯೂ ಬಂತು. ಈಗ ಕಥೆ ಶುರುವಾಗುವ ಮುಂಚೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ವಾಟ್ಸಾಪ್ ಮಾಡಿ ಕೇಳುತ್ತೇನೆ, ಏನು ಬೇಡ ಅಂತ.

ಆ ಪೋಲಿ ಮಾತಿನವನನ್ನು ಹೊರಗೆ ಹಾಕಿದೆವು. ಹಾಕಿದ ರೀತಿ ಮಾತ್ರ ಕೆಟ್ಟದಾಗಿತ್ತು. ನೇರವಾಗಿ ಹೇಳುವ ಧೈರ್ಯ ಸಾಲದೆ ‘ಆಟ ಬಂದ್ ಆಯ್ತು’ ಎಂದು ಸುಳ್ಳು ಹೇಳಿ, ಅವನನ್ನು ಬಿಟ್ಟು ಹೊಸ ವಾಟ್ಸಾಪ್ ಗುಂಪು ಮಾಡಿದೆವು. ನಾಲ್ಕು ದಿನಕ್ಕೆ ಅವನಿಗೆ ಗೊತ್ತಾಯಿತು. ಇದು ಕಲಬುರಗಿ, ಬೆಂಗಳೂರಲ್ಲ. ಇಲ್ಲಿ ಗುಂಪಿನಿಂದ ತೆಗೆದವನು ನಾಳೆ ಪೆಟ್ರೋಲ್ ಬಂಕ್‌ನಲ್ಲಿ ಸಿಗುತ್ತಾನೆ, ಬರುವ ತಿಂಗಳು ಯಾರದ್ದೋ ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರುತ್ತಾನೆ. ನಾನು ಕೂತಿದ್ದೇನೆ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಕಳಿಸುವುದಾದರೆ ಒಬ್ಬರೇ ಹೋಗಿ, ಕಾರಣ ಹೇಳಿ ಕಳಿಸಿ. ಅವನು ಸಿಟ್ಟಾಗುತ್ತಾನೆ, ಆಗಲಿ. ಕೆಟ್ಟ ಗುಂಪಿನಲ್ಲಿ ಆಡುವುದಕ್ಕಿಂತ ಆಡದಿರುವುದೇ ಲೇಸು ಅಂತ ಹೊರಗಿನವರು ಹೇಳುತ್ತಾರೆ. ಊರಲ್ಲಿ ಆಡುವವರೇ ಬೆರಳೆಣಿಕೆ ಇರುವಾಗ ಹಾಗೆ ಹೇಳುವುದು ಕಷ್ಟ. ಆ ಕಷ್ಟಕ್ಕೇ ನಾನು ಕಳ್ಳನ ವಿಷಯದಲ್ಲೂ ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು.

ಡ್ಯೂಟಿ ಬದಲಾಗಿದೆ ಎಂದಿದ್ದವನು ಮರಳಿ ಬಂದ. ಫಾರ್ಮಸಿ ಹುಡುಗಿಗೆ ಎರಡು ಸಲ ಮೆಸೇಜ್ ಹಾಕಿದೆ. ‘ನೋಡ್ತೀನಿ ಅಣ್ಣಾ’ ಎಂದಳು, ಬರಲಿಲ್ಲ. ಅವಳ ಪಾತ್ರದ ಹಾಳೆ ಇನ್ನೂ ನನ್ನ ಫೈಲಿನಲ್ಲಿದೆ. ಹಿಂದಿನ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದಾಳೆ: ‘ಮುಂದಿನ ವಾರ ಅಜ್ಜನಿಗೆ ಕೇಳಬೇಕು, ಮಗನ ಹೆಸರೇನು?’ ನಾನು ಹೆಸರು ಯೋಚಿಸಿ ಇಟ್ಟಿದ್ದೆ.